ಮೂರನೇ ಗೇರಲ್ಲಿ ನಿಂತಿದ್ದ ಕಾರು

ಹೋದ ಭಾನುವಾರ ಬೆಳಗ್ಗೆ ಕಾರಿನ ಡಿಕ್ಕಿ ತೆಗೆದಾಗ ಆ ಸ್ಲ್ಯಾಗ್ ಕಲ್ಲು ಉರುಳ್ಕೊಂಡು ಬಂದು ಕೈಗೆ ತಾಗ್ತು. ತೆಂಗಿನಕಾಯಿ ಗಾತ್ರದ್ದು. ಒಂದು ಕಡೆ ಗಾಜಿನ ಥರ ಕಪ್ಪು ಹೊಳಪು, ಇನ್ನೊಂದು ಕಡೆ ಪೂರ್ತಿ ಸಣ್ಣ ಸಣ್ಣ ತೂತು. ಕುಲುಮೆಯಲ್ಲಿ ಕಬ್ಬಿಣ ಕರಗಿದಾಗ ಮೇಲೆ ತೇಲೋ ಕಸ ತಣ್ಣಗಾದ್ರೆ ಹಿಂಗಾಗತ್ತೆ. ಭದ್ರಾವತಿ ನ್ಯೂ ಟೌನಲ್ಲಿ ಬೆಳೆದೋರಿಗೆ ಇದನ್ನ ವಿವರಿಸೋದೇ ಬೇಡ, ನಮ್ಮನೆ ದಾಸವಾಳದ ಗಿಡದ ಸುತ್ತ ಜೋಡ್ಸಿದ್ದೂ ಇದೇ ಕಲ್ಲು. ಮೂಗಿನ ಹತ್ರ ಹಿಡ್ದೆ. ಗ್ರೀಸು, ಹಳೇ ರಬ್ಬರ್ ಮ್ಯಾಟು, ಮತ್ತೆ ಎಲ್ಲೋ ಒಂಚೂರು ವಿಭೂತಿ...

ಡಿಕ್ಕಿ ತೆಗೆದಿದ್ದು ಸ್ಪ್ಯಾನರ್ ಹುಡುಕೋಕೆ. ಯಾಕಂದ್ರೆ ಕಾರು ಸ್ಟಾರ್ಟ್ ಆಗಿರ್ಲಿಲ್ಲ. ಕೀ ತಿರುಗಿಸ್ದೆ, ಬಾನೆಟ್ ಒಳಗಿಂದ "ಟಕ್" ಅಂತ ಒಂದೇ ಸದ್ದು. ಇನ್ನೊಂದ್ಸಲ ತಿರುಗಿಸ್ದೆ. ಟಕ್. ಅಷ್ಟೆ. ಆ ಸದ್ದು ನಾನು ಇದಕ್ಕೂ ಮುಂಚೆ ಕೇಳಿದ್ದೆ. ಆದ್ರೆ ಫೋನಲ್ಲಿ.

ಈ ಕಾರು ನಂದಲ್ಲ. ಪೇಪರಲ್ಲಿ ಈಗ ನನ್ನ ಹೆಸರೇ ಇದೆ, ಆದ್ರೂ ನಂದಲ್ಲ. ಇದು ನಮ್ಮ ಪಕ್ಕದ್ಮನೆ ಕ್ರೇನ್ ಅಂಕಲ್‌ದು.

ಅವ್ರು ಅಲ್ಲಿನ ಕಬ್ಬಿಣದ ಫ್ಯಾಕ್ಟರಿಯಲ್ಲಿ ಮೇಲೆ ಹಳಿ ಮೇಲೆ ಓಡೋ ದೊಡ್ಡ ಕ್ರೇನ್ ಓಡಿಸ್ತಿದ್ರು. ಅದಕ್ಕೇ ಇಡೀ ಕ್ವಾರ್ಟರ್ಸ್ ಲೈನಿಗೆ ಕ್ರೇನ್ ಅಂಕಲ್. ಅವ್ರ ತಾತನ ಕಾಲಕ್ಕೇ ತಮಿಳುನಾಡಿಂದ ಕೆಲಸಕ್ಕೆ ಬಂದ ಮನೆ. ಒಳಗೆ ತಮಿಳು, ಗೇಟ್ ದಾಟಿದ್ರೆ ಕನ್ನಡ. ನನ್ನ ಮಾತ್ರ ಎಲ್ಲಿ ಸಿಕ್ಕಿದ್ರೂ "ಕಣ್ಣು" ಅಂತಲೇ ಕರೀತಿದ್ರು, ಅವ್ರ ಮನೇಲಿ ಮಕ್ಕಳನ್ನ ಮುದ್ದಿಂದ ಕರೆಯೋ ಥರ. ಮಕ್ಕಳಿರ್ಲಿಲ್ಲ ಅವ್ರಿಗೆ. ರಿಟೈರ್ ಆದ್ಮೇಲೂ ಅದೇ ಕ್ವಾರ್ಟರ್ಸಲ್ಲಿ ಉಳ್ಕೊಂಡ್ರು, ಅಂಕಲ್ಲು, ಆಂಟಿ, ಮತ್ತೆ ಈ ಚಿಕ್ಕ ಬಿಳಿ ಕಾರು.

ಆ ಕಾರು ಸ್ಟಾರ್ಟ್ ಮಾಡೋದೇ ಒಂದು ಪೂಜೆ. ನಮ್ಮ ಲೈನ್ ಮುಂದಿನ ರಸ್ತೆ ಇಳಿಜಾರು. ಅಂಕಲ್ ಯಾವಾಗ್ಲೂ ಕಾರನ್ನ ಮೂತಿ ಕೆಳಗೆ ಮಾಡಿ ಆ ಇಳಿಜಾರಲ್ಲೇ ನಿಲ್ಲಿಸ್ತಿದ್ರು, ಮೊದಲ್ನೇ ಗೇರಿಗೆ ಹಾಕಿ, ಮುಂದಿನ ಗಾಲಿಗೆ ಈ ಸ್ಲ್ಯಾಗ್ ಕಲ್ಲು ಕೊಟ್ಟು. ಬೆಳಗ್ಗೆ ಹೊರಟಾಗ ಕೀ ಆನ್ ಮಾಡ್ತಾರೆ, ಕ್ಲಚ್ ಒತ್ತಿ ಎರಡನೇ ಗೇರು. ಆಂಟಿ ಬಗ್ಗಿ ಕಲ್ಲು ತೆಗೀತಾರೆ. ಕಾರು ಸದ್ದಿಲ್ಲದೆ ಜಾರತ್ತೆ... ಬೇವಿನ ಮರದ ಹತ್ರ ಹೋಗೋಷ್ಟ್ರಲ್ಲಿ ಕ್ಲಚ್ ಬಿಡ್ತಾರೆ, ಒಂದು ಎಗರು ಎಗರಿ ಎಂಜಿನ್ ಗುರ್ ಅನ್ನತ್ತೆ. ಕೆಳಗೆ ನಿಲ್ಲಿಸ್ಕೊಂಡು ಕಾಯ್ತಾರೆ. ಆಂಟಿ ಸೆರಗು ಸಿಕ್ಕಿಸ್ಕೊಂಡು, ಕಲ್ಲು ಎತ್ಕೊಂಡು, ಇಳಿಜಾರು ಇಳೀತಾ ಬೈತಾರೆ. "ನಿಮ್ಮ ಕಾರಲ್ಲಿ ನಾನು ಕೂತಿದ್ದಕ್ಕಿಂತ ಈ ಕಲ್ಲು ಕೂತಿದ್ದೇ ಜಾಸ್ತಿ!" ಅಂತ. ಕಲ್ಲು ಡಿಕ್ಕಿಗೆ ಬೀಳತ್ತೆ, ಧಡ್. ಆಮೇಲೆ ಪಯಣ.

ನಂಗೆ ಕಾರಿನ ಹುಚ್ಚು ಹಿಡಿದಿದ್ದು ಪಿಯುಸಿ ರಜದಲ್ಲಿ. ಯಾರೂ ಕಲಿಸ್ಲಿಲ್ಲ. ಫೋನಲ್ಲಿ ವಿಡಿಯೋ ನೋಡಿದ್ದೇ ನೋಡಿದ್ದು. ಕಾರ್ಬ್ಯುರೇಟರ್ ಬಿಚ್ಚೋದು, ಕ್ಲಚ್ ಪ್ಲೇಟ್ ಹಾಕೋದು, ಯಾವ್ಯಾವ್ದೋ ದೇಶದೋರು ಯಾವ್ಯಾವ್ದೋ ಭಾಷೇಲಿ ಮಾತಾಡೋದು, ಕೈ ಮಾತ್ರ ಅರ್ಥ ಆಗೋದು. ನಮ್ಮಜ್ಜಿ "ಹೆಣ್ಮಗು ಕೈ ನೋಡು, ಇದ್ದಿಲು ಮಾರೋಳ ಥರ" ಅಂತ ಗೊಣಗೋರು. ಅಂಕಲ್ ಒಬ್ರೇ ಬಾನೆಟ್ ಎತ್ತಿ, "ಬಾ ಕಣ್ಣು, ನೋಡು ಏನಿದೆ ಅಂತ" ಅಂದಿದ್ದು. ಜೀವಮಾನದಲ್ಲಿ ಮೊದಲ್ನೇ ಸಲ ನಿಜವಾದ ಎಂಜಿನ್ ಮುಟ್ಟಿದ್ದು ಆವತ್ತೇ. ಬಿಸಿ ಇತ್ತು. ವಿಡಿಯೋದಲ್ಲಿ ಬಿಸಿ ಗೊತ್ತಾಗಲ್ಲ ನೋಡಿ.

ನಾನು ಬಾನೆಟ್ ಕೆಳಗೆ, ಅವ್ರು ಸ್ಟೀರಿಂಗ್ ಹಿಂದೆ. ಕೂಗಿದ್ರೆ ಕೇಳಿಸ್ತಿರ್ಲಿಲ್ಲ, ಅದಕ್ಕೆ ಅವ್ರ ಕ್ರೇನ್ ಸಿಗ್ನಲ್ ಹೇಳ್ಕೊಟ್ರು. ಬೆರಳು ಮೇಲೆ ಮಾಡಿ ಸುತ್ತಿದ್ರೆ ಎತ್ತು, ಅಂದ್ರೆ ನಮ್ಮ ಲೆಕ್ಕದಲ್ಲಿ ಕೀ ತಿರುಗ್ಸು. ಬೆರಳು ಕೆಳಗೆ ಮಾಡಿ ಸುತ್ತಿದ್ರೆ ಇಳ್ಸು. ಎರಡೂ ಕೈ ಅಗಲಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ, ಅಡ್ಡಡ್ಡ ಬೀಸಿದ್ರೆ... ತಕ್ಷಣ ನಿಲ್ಸು.

"ಮೇಲೆ ಕೂತೋನಿಗೆ ಕೆಳಗೆ ಏನಾಗ್ತಿದೆ ಅಂತ ಕಾಣ್ಸಲ್ಲ" ಅಂತಿದ್ರು. "ಕೊಕ್ಕೇಲಿ ಕಾದ ಕಬ್ಬಿಣ ನೇತಾಡ್ತಿರತ್ತೆ. ಆಗ ಸಿಗ್ನಲ್ ಕೊಡೋನು ಏನು ಹೇಳ್ತಾನೋ ಅದು. ಯಾಕೆ ಏನು ಅಂತ ಕೇಳಂಗಿಲ್ಲ. ಒಬ್ಬನ ಮಾತೇ ಕೇಳ್ಬೇಕು."

"ಬೇರೆ ಯಾರಾದ್ರೂ ಕೈ ತೋರ್ಸಿದ್ರೆ?"

"ನೋಡಂಗೇ ಇಲ್ಲ. ಒಂದ್ ಬಿಟ್ಟು. ನಿಲ್ಸು ಅನ್ನೋ ಸಿಗ್ನಲ್ ಯಾರು ಬೇಕಾದ್ರೂ ಕೊಡ್ಬೋದು. ಕಸ ಗುಡ್ಸೋನು ಕೊಟ್ರೂ ನಿಲ್ಲಿಸ್ಬೇಕು."

ಆವತ್ತಿಂದ ನಾನು ಅವ್ರ ಸಿಗ್ನಲ್‌ಮನ್. ನಾನು ಏನು ಕೈ ತೋರ್ಸಿದ್ರೂ, ತಪ್ಪು ತೋರ್ಸಿದ್ರೂ, ಹಂಗೇ ಮಾಡೋರು. ಮುವತ್ತೈದು ವರ್ಷದ ಅಭ್ಯಾಸ ಅಲ್ವಾ...

ಡಿಗ್ರಿ ಮುಗಿಯೋ ಹೊತ್ತಿಗೆ ನಾನು ಅವ್ರನ್ನ ಬಿಡ್ಲಿಲ್ಲ. "ಅಂಕಲ್, ನಿಮ್ಮ ಕಾರಿಗೆ ಹೋಗಿರೋದು ಬ್ಯಾಟರಿ ಅಷ್ಟೆ. ದಿನಾ ಯಾಕಿಷ್ಟು ಸರ್ಕಸ್ಸು?" ಅಂತ ತಲೆ ತಿಂದೆ. ಅವ್ರು ನಕ್ರು. "ಬ್ಯಾಟರಿ ಯಾವತ್ತು ಕೈ ಕೊಡತ್ತೋ ಗೊತ್ತಿಲ್ಲ. ಇಳಿಜಾರು ಎಲ್ಲಿಗೆ ಹೋಗತ್ತೆ ಕಣ್ಣು?" ನಾನು ಕೇಳ್ಲಿಲ್ಲ. ಹೊಸ ಬ್ಯಾಟರಿ ಹಾಕಿದ್ವಿ. ಟರ್ಮಿನಲ್ ಮೇಲೆ ಕಟ್ಟಿದ್ದ ಬಿಳಿ ಪುಡಿಗೆ ಬಿಸಿನೀರು ಹಾಕಿ ತೊಳ್ದೆ, ಅರ್ತ್ ವೈರು ಬದಲಾಯಿಸ್ದೆ, ಬೆರಳು ಮೇಲೆ ಮಾಡಿ ಸುತ್ತಿದೆ. ಅಂಕಲ್ ಕೀ ತಿರುಗಿಸಿದ್ರು. ನಿಂತ ಜಾಗದಲ್ಲೇ ಸ್ಟಾರ್ಟು! ಆಂಟಿ ಒಳಗಿಂದ ಓಡಿ ಬಂದ್ರು, ಕಲ್ಲು ತೆಗ್ಯೋಕೆ ತಾನೇ ಮರೆತೆ ಅನ್ಕೊಂಡು.

ಅಲ್ಲಿಗೇ ಸುಮ್ಮನಿರ್ಬೇಕಿತ್ತು ನಾನು. ಇರ್ಲಿಲ್ಲ. "ಇನ್ನು ರೋಡಲ್ಲಿ ಯಾಕೆ ಅಂಕಲ್, ಬಿಸಿಲಿಗೆ ಪೇಂಟ್ ಹಾಳಾಗತ್ತೆ, ಕಾಂಪೌಂಡ್ ಒಳಗೆ ತಂದ್ಬಿಡಿ" ಅಂದೆ. ಸಿಗ್ನಲ್‌ಮನ್ ಹೇಳಿದ್ಮೇಲೆ ಮುಗೀತು. ಎರಡು ವಾರ ಕೂತು ಬೇಲಿ ಕಡಿದು, ಗೇಟ್ ಅಗಲ ಮಾಡ್ಸಿ, ಮಣ್ಣು ಮಟ್ಟ ಮಾಡಿದ್ರು. ಒಳಗಿನ ಜಾಗ ರಸ್ತೆಗಿಂತ ಒಂದು ಗೇಣು ತಗ್ಗು. ಮೂತಿ ಗೋಡೆಗೆ. ಅಂದ್ರೆ, ಎಂಜಿನ್ ಸ್ಟಾರ್ಟ್ ಆಗದೆ ಆ ಕಾರನ್ನ ಒಬ್ರು ಹೊರಗೆ ತರೋದು ಸಾಧ್ಯನೇ ಇಲ್ಲ. ಅದು ಆವತ್ತು ನಂಗೆ ಹೊಳೀಲೇ ಇಲ್ಲ. ಕಲ್ಲು ಡಿಕ್ಕಿಗೆ ಹೋಯ್ತು.

ಆಮೇಲೆ ನಾವು ಶಿವಮೊಗ್ಗಕ್ಕೆ ಬಂದ್ವಿ, ಸವಳಂಗ ರಸ್ತೆ ಹತ್ರ ಬಾಡಿಗೆ ಮನೆ. ನಾನು ಅಲ್ಲೇ ಒಂದು ಸ್ಪೇರ್ ಪಾರ್ಟ್ಸ್ ಅಂಗಡೀಲಿ ಬಿಲ್ಲಿಂಗ್ ಕೂತೆ. ಗಿರಾಕಿಗಳಿಗೆ ಸಾಮಾನಿನ ಜೊತೆ ಸಲಹೆ ಪುಕ್ಕಟೆ. ಕಾರು ಕೆಮ್ಮತ್ತೆ ಅಂತ ಒಬ್ರು ಫೋನ್ ಮಾಡ್ತಾರೆ, ಗೇರ್ ಬೀಳ್ತಿಲ್ಲ ಅಂತ ಇನ್ನೊಬ್ರು. ನಾನು ಇಲ್ಲಿ ಕೂತು ಅಲ್ಲಿ ರಿಪೇರಿ ಮಾಡ್ತಿದ್ದೆ. "ಏನ್ ಮಾರಾಯ್ತಿ, ಡಾಕ್ಟ್ರಿಗಿಂತ ಬಿಜಿ ಇದೀಯಲ್ಲ" ಅಂತ ಓನರ್ ರೇಗಿಸೋರು. ಎಷ್ಟು ಉಬ್ಬಿ ಹೋಗ್ತಿದ್ದೆ ಅಂತೀರಾ...

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ. ಟೆರೇಸಲ್ಲಿ ಕಾಫಿ ಕುಡೀತಿದ್ದೆ. ಅಂಕಲ್ ಫೋನು.

"ಕಣ್ಣು, ಎದ್ದಿದೀಯಾ? ಕಾರು ಸ್ಟಾರ್ಟ್ ಆಗ್ತಿಲ್ಲ. ಒಂದೇ ಸಲ ಟಕ್ ಅಂದು ಸುಮ್ಮನಾಗತ್ತೆ."

ನಿಜ ಹೇಳ್ತೀನಿ, ನಂಗೆ ಖುಷಿ ಆಯ್ತು. ಪರೀಕ್ಷೇಲಿ ಓದ್ಕೊಂಡ ಪ್ರಶ್ನೆನೇ ಬಂದಂಗೆ. ಕಾಫಿ ಲೋಟ ಕೆಳಗಿಟ್ಟೆ. "ಫೋನ್ ಬಾನೆಟ್ ಹತ್ರ ಹಿಡೀರಿ, ಇನ್ನೊಂದ್ಸಲ ಕೀ ತಿರುಗ್ಸಿ" ಅಂದೆ. ಕೇಳಿಸ್ತು. ಟಕ್. ಹೆಡ್‌ಲೈಟ್ ಹಾಕಿ ಅಂದೆ, ಗೋಡೆ ಮೇಲೆ ಬೆಳಕು ಜೋರಾಗೇ ಬೀಳ್ತಿದೆ ಅಂದ್ರು. ಹಾರನ್ ಹೊಡೀರಿ ಅಂದೆ, ಹೊಡೆದ್ರು. ಹಂಗಾದ್ರೆ ಬ್ಯಾಟರಿ ಅಲ್ಲ. ಬಾನೆಟ್ ಎತ್ತಿ ಟರ್ಮಿನಲ್ ಅಲ್ಲಾಡ್ಸಿ ನೋಡಿ ಅಂದೆ. ಹೋದ್ರು, ನೋಡಿದ್ರು, ಬಂದ್ರು. "ಟೈಟಾಗಿದೆ." ನ್ಯೂಟ್ರಲ್ಲಲ್ಲಿ ಕ್ಲಚ್ ಒತ್ತಿ ನೋಡಿ ಅಂದೆ. ಟಕ್.

ಅವ್ರ ಉಸಿರು ಜೋರಾಗಿತ್ತು. ಬಾನೆಟ್ ಎತ್ತಿ ಇಳಿಸಿದ್ದಕ್ಕೆ ಅನ್ಕೊಂಡೆ. ನಡುವೆ ಒಂದ್ಸಲ "ಸ್ವಲ್ಪ ಇರು ಕಣ್ಣು" ಅಂದು ಸುಮ್ಮನಾದ್ರು. ಸೀಟಿನ ಸ್ಪ್ರಿಂಗ್ ಕಿರ್ ಅಂತು. ಆ ಗ್ಯಾಪಲ್ಲಿ ನಾನು ಪಾಠ ಮಾಡ್ದೆ. "ಎಂಜಿನ್ ಸ್ಟಾರ್ಟ್ ಮಾಡೋ ಸೆಲ್ಫ್ ಮೋಟರಿನ ಹಲ್ಲು ಹೋಗಿ ಎಂಜಿನ್ ಚಕ್ರದ ಹಲ್ಲಿಗೆ ಕಚ್ಕೊಂಡಿರತ್ತೆ ಅಂಕಲ್. ಹಳೇ ಕಾರಲ್ಲಿ ಮಾಮೂಲಿ. ಅದನ್ನ ಬಿಡಿಸ್ಬೇಕು. ಇದು ಗೇರಿನ ಕಾರಾಗಿದ್ದು ಒಳ್ಳೇದಾಯ್ತು. ಕೀ ಆಫ್ ಮಾಡಿ, ಮೂರನೇ ಗೇರಿಗೆ ಹಾಕಿ, ಹೊರಗೆ ಇಳಿದು, ಬಾಗಿಲ ಕಂಬ ಹಿಡ್ಕೊಂಡು ಕಾರನ್ನ ಹಿಂದೆ ಮುಂದೆ ಅಲ್ಲಾಡ್ಸಿ. ಕಟ್ ಅಂತ ಬಿಟ್ಕೊಳತ್ತೆ."

"ಎಷ್ಟು ದೂರ ತಳ್ಬೇಕು?"

"ದೂರ ಏನಿಲ್ಲ. ನಿಂತಲ್ಲೇ ಅಲ್ಲಾಡ್ಸಿದ್ರೆ ಸಾಕು. ಜೋರಾಗಿ."

ಜೋರಾಗಿ ಅನ್ನೋದು ವಿಡಿಯೋದಲ್ಲಿ ಇರ್ಲಿಲ್ಲ. ನಾನೇ ಸೇರಿಸಿದ್ದು.

"ಆಯ್ತು. ಮಾಡಿ ಫೋನ್ ಮಾಡ್ತೀನಿ" ಅಂದ್ರು.

ಇಷ್ಟು ಹೊತ್ತು ಮಾತಾಡಿದ್ವಲ್ಲ, ಒಂದು ಪ್ರಶ್ನೆ ಮಾತ್ರ ನಾನು ಕೇಳ್ಲೇ ಇಲ್ಲ. ಇಷ್ಟು ಬೆಳಗ್ಗೆ ಎಲ್ಲಿಗೆ ಹೊರಟಿದೀರ ಅಂಕಲ್? ಅಷ್ಟೆ. ಲೈಟ್ ಹೆಂಗಿದೆ ಅಂತ ಕೇಳಿದೆ, ಹಾರನ್ ಹೆಂಗಿದೆ ಅಂತ ಕೇಳಿದೆ. ಅವ್ರು ಹೆಂಗಿದಾರೆ ಅಂತ ಕೇಳ್ಲಿಲ್ಲ.

ಫೋನ್ ಬರ್ಲಿಲ್ಲ. ಸ್ಟಾರ್ಟ್ ಆಗಿರತ್ತೆ, ಹೋಗಿರ್ತಾರೆ ಅನ್ಕೊಂಡು ಅಂಗಡಿಗೆ ಹೋದೆ. ಹತ್ತು ಗಂಟೆ ಸುಮಾರಿಗೆ ಅಮ್ಮ ಫೋನ್ ಮಾಡಿದ್ರು. ಅಳ್ತಿದ್ರು.

ಅಂಕಲ್ ಮನೆ ಮೆಟ್ಲ ಮೇಲೆ ಗೋಡೆಗೆ ಒರಗಿ ಕೂತಿದ್ರಂತೆ. ಆಂಟಿ ಕಾಫಿ ಆಗಿದೆ ಬನ್ನಿ ಅಂತ ಕರೆಯೋಕೆ ಬಂದಾಗ ಮಾತಿಲ್ಲ. ಕೂಗು ಕೇಳಿ ಕೊನೇ ಮನೆಯೋರು ಬಂದು ಆಟೋ ಕರ್ಸಿದ್ರು. ಆಟೋ ಬರೋಕೆ ಐದೇ ನಿಮಿಷ ಆಯ್ತಂತೆ. ಐದು ನಿಮಿಷ... ನಾನು ಅವ್ರನ್ನ ಅದಕ್ಕಿಂತ ಜಾಸ್ತಿ ಹೊತ್ತು ಫೋನಲ್ಲಿ ನಿಲ್ಲಿಸ್ಕೊಂಡಿದ್ದೆ. ಆಸ್ಪತ್ರೇಲಿ ನೋಡಿ, ಇಲ್ಲ ಅಂದ್ರಂತೆ. ಅವ್ರ ಷರ್ಟ್ ಜೇಬಲ್ಲಿ ಮಡಚಿದ ಹಳೇ ಆಸ್ಪತ್ರೆ ಚೀಟಿ ಇತ್ತು, ಜೊತೆಗೆ ಕಾರಿನ ಕೀ. ರಾತ್ರಿಯಿಂದಲೇ ಎದೆ ಹಿಂಡ್ತಿದ್ದಿರ್ಬೇಕು, ಆಂಟಿಗೂ ಹೇಳಿರ್ಲಿಲ್ಲ. ತಾನೇ ಓಡಿಸ್ಕೊಂಡು ಹೋಗಿ ತೋರಿಸ್ಕೊಂಡು ಬಂದ್ಬಿಡೋಣ ಅಂತಿದ್ರು ಅನ್ಸತ್ತೆ.

ನಾವು ಹೋದಾಗ ಆಂಟಿ ನನ್ನ ಕೈ ಹಿಡ್ಕೊಂಡು ಅಂದಿದ್ದು ಇದು. "ನಿನ್ನ ಹತ್ರ ಫೋನಲ್ಲಿ ಮಾತಾಡ್ತಿದ್ರಲ್ಲ ಕಣ್ಣು, ಕೇಳಿಸ್ತಿತ್ತು ಒಳಗೆ. ಅದಕ್ಕೇ ಚೆನ್ನಾಗಿದಾರೆ ಅನ್ಕೊಂಡು ನಾನು ಸುಮ್ನಿದ್ದೆ."

ನಾನೂ ಸುಮ್ನಿದ್ದೆ.

ಮೂರನೇ ದಿನ, ಬಂದೋರಿಗೆಲ್ಲ ಜಾಗ ಬೇಕು, ಕಾರು ಹೊರಗಿಡು ಅಂತ ಯಾರೋ ನನ್ನ ಕೈಗೆ ಕೀ ಕೊಟ್ರು. ಬಾಗಿಲು ತೆಗೆದು ಕೂತೆ. ಡ್ಯಾಶ್‌ಬೋರ್ಡ್ ಮೇಲೆ ವಿಭೂತಿ ಪೊಟ್ಟಣ. ಗೇರಿನ ಮೇಲೆ ಕೈ ಇಟ್ಟೆ. ಅಂಕಲ್ ಯಾವತ್ತೂ ಮೊದಲ್ನೇ ಗೇರಲ್ಲೇ ಬಿಡ್ತಿದ್ದಿದ್ದು, ಇಳಿಜಾರು ಬಿಟ್ಟ ಮೇಲೂ ಆ ಅಭ್ಯಾಸ ಬಿಟ್ಟಿರ್ಲಿಲ್ಲ. ಆವತ್ತು ಕಾರು ಮೂರನೇ ಗೇರಲ್ಲಿತ್ತು.

ಅಂದ್ರೆ ಮಾಡಿದ್ರು. ನಾನು ಹೇಳಿದ್ದನ್ನ ಹೇಳಿದಂಗೇ ಮಾಡಿದ್ರು.

ನ್ಯೂಟ್ರಲ್ ಮಾಡಿ ಕೀ ತಿರುಗಿಸ್ದೆ. ಮೊದಲ್ನೇ ಸಲಕ್ಕೇ ಸ್ಟಾರ್ಟ್ ಆಯ್ತು. ಶಾಮಿಯಾನ ಕೆಳಗೆ ಕೂತಿದ್ದೋರೆಲ್ಲ ತಿರುಗಿ ನೋಡಿದ್ರು. ನನ್ನ ಸಲಹೆ ಸರಿಯಾಗೇ ಇತ್ತು. ಹಲ್ಲು ಬಿಟ್ಕೊಂಡಿತ್ತು. ವಾಪಸ್ ಒಳಗೆ ಕೂತು ಕೀ ತಿರುಗಿಸೋಕೆ ಮಾತ್ರ ಅವ್ರಿಗೆ ಆಗಿರ್ಲಿಲ್ಲ...

ಯಾರಿಗೂ ಹೇಳ್ಲಿಲ್ಲ. ವರ್ಷ ಆದ್ಮೇಲೆ ಆಂಟಿ ಕಾರನ್ನ ನಂಗೇ ಕೊಟ್ರು, ಬೇರೆಯೋರ ಕೈಗೆ ಹೋಗೋದು ಬೇಡ ಅಂತ. ಬೇಡ ಅನ್ನೋಕೆ ಕಾರಣ ಹೇಳ್ಬೇಕಿತ್ತು, ಅದಕ್ಕೆ ತಗೊಂಡೆ. ಎಲ್ಲಾ ರಿಪೇರಿ ಮಾಡಿದೀನಿ, ಬ್ರೇಕು, ಕ್ಲಚ್ಚು, ಹೋಸ್ ಪೈಪು. ಆ ಸೆಲ್ಫ್ ಮೋಟರ್ ಒಂದನ್ನ ಮಾತ್ರ ಮುಟ್ಟಿಲ್ಲ. ಅಂಗಡೀಲಿ ಅಂಥದ್ದು ಹತ್ತು ಸಿಗತ್ತೆ. ಆದ್ರೂ.

ಅದಕ್ಕೇ ಹೋದ ಭಾನುವಾರ ಆ ಟಕ್ ಬಂದಿದ್ದು.

ಸ್ಪ್ಯಾನರ್ ವಾಪಸ್ ಇಟ್ಟೆ. ಕೀ ಆಫ್ ಮಾಡ್ದೆ. ಮೂರನೇ ಗೇರಿಗೆ ಹಾಕ್ದೆ. ಹೊರಗೆ ಇಳಿದು ಬಾಗಿಲ ಕಂಬ ಹಿಡ್ದೆ. ಒಂದು ವಿಷ್ಯ ಹೇಳ್ಬೇಕು, ಈ ಕೆಲಸವನ್ನ ನಾನು ಅಲ್ಲೀತಂಕ ಒಂದ್ಸಲಾನೂ ಮಾಡಿರ್ಲಿಲ್ಲ. ಅಂಕಲ್‌ಗೆ ಹೇಳ್ದಾಗ್ಲೂ ಮಾಡಿರ್ಲಿಲ್ಲ. ನೋಡಿದ್ದೆ ಅಷ್ಟೆ. ವಿಡಿಯೋದಲ್ಲಿ ಒಬ್ಬ ದಪ್ಪ ರಟ್ಟೆಯೋನು ಎರಡು ಸಲ ಅಲ್ಲಾಡ್ಸಿ ನಗ್ತಾನೆ.

ತಳ್ದೆ. ಅಲ್ಲಾಡ್ಲಿಲ್ಲ. ಕಾಲು ಊರಿ ಹೆಗಲು ಕೊಟ್ಟೆ. ಒಂದು ಇಂಚು ಹೋಯ್ತು, ಎಂಜಿನ್ನಿನ ಪೂರ್ತಿ ಭಾರ ವಾಪಸ್ ಒದೀತು. ಎಳ್ದೆ. ತಿರುಗಾ ತಳ್ದೆ. ಹತ್ತು ಸಲವೋ ಹನ್ನೆರಡು ಸಲವೋ... ಕಟ್ ಅಂತು. ಅಷ್ಟೊತ್ತಿಗೆ ನನ್ನ ಕಿವೀಲಿ ನನ್ನ ಎದೆ ಬಡಿತ ಬಿಟ್ರೆ ಇನ್ನೇನೂ ಕೇಳಿಸ್ತಿರ್ಲಿಲ್ಲ. ಇಪ್ಪತ್ನಾಲ್ಕು ವರ್ಷ ನಂಗೆ. ಕಾರಿಗೆ ಒರಗಿ ರಸ್ತೆ ಬದೀಲೇ ಕೂತ್ಬಿಟ್ಟೆ. ಎದುರುಗಡೆ ಹೂವಿನ ಅಂಗಡಿಯಾಕೆ "ಏನಾಯ್ತೇ, ನೀರು ಬೇಕಾ?" ಅಂತ ಕೂಗಿದ್ರು. ನೋಡಿ, ಕಾರಿನ ಬಗ್ಗೆ ಏನೂ ಗೊತ್ತಿಲ್ಲದೋರು ಮೊದ್ಲು ಕೇಳೋದು ಇದನ್ನ.

ಕಾರು ಸ್ಟಾರ್ಟ್ ಆಯ್ತು. ಆಫ್ ಮಾಡ್ಲೇ ಇಲ್ಲ, ಸೀದಾ ಭದ್ರಾವತಿಗೆ ಹೋದೆ.

ನ್ಯೂ ಟೌನಲ್ಲಿ ನಮ್ಮ ಲೈನಲ್ಲಿ ಈಗ ದೀಪ ಹತ್ತೋದು ಎರಡೇ ಮನೇಲಿ. ನಾವಿದ್ದ ಮನೆ ಕಿಟಕಿಗೆ ಯಾರೋ ಹಲಗೆ ಹೊಡೆದಿದಾರೆ. ಕಾರನ್ನ ಕಾಂಪೌಂಡ್ ಒಳಗೆ ತರ್ಲಿಲ್ಲ. ಇಳಿಜಾರಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸ್ದೆ, ಮೊದಲ್ನೇ ಗೇರು ಹಾಕಿ, ಗಾಲಿಗೆ ಸ್ಲ್ಯಾಗ್ ಕಲ್ಲು ಕೊಟ್ಟೆ. ಆಂಟಿ ಬಾಗಿಲಿಗೆ ಬಂದು ಅದನ್ನೇ ನೋಡ್ತಾ ನಿಂತಿದ್ರು.

ಅದೇ ಮೆಟ್ಲ ಮೇಲೆ ಕೂತು ಎಲ್ಲಾ ಹೇಳ್ದೆ. ಇಳಿಜಾರು ಬಿಡಿಸಿದ್ದು, ಫೋನು, ಮೂರನೇ ಗೇರು, ಜೋರಾಗಿ ಅಂದಿದ್ದು. ಆಂಟಿ ತಲೆ ಎತ್ಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತೋದು ಬಿಚ್ಚೋದು ಮಾಡ್ತಿದ್ರು. ಬೈತಾರೆ ಅನ್ಕೊಂಡೆ. ಬೈಲಿ ಅನ್ಕೊಂಡೆ.

"ನಾನೂ ನೋಡ್ದೆ" ಅಂದ್ರು ಕೊನೆಗೆ. "ಅಡುಗೆಮನೆ ಕಿಟಕಿಯಿಂದ. ಕಾರು ಅಲ್ಲಾಡ್ತಿತ್ತು. ನೀನು ಹೇಳ್ಕೊಟ್ಟ ಯಾವುದೋ ಆಟ ಇರ್ಬೇಕು ಅಂತ ನಗು ಬಂತು ನಂಗೆ. ಆಮೇಲೆ ಈ ಕಡೆ ತಿರುಗಿದ್ರು. ನನ್ನ ನೋಡಿ ಎರಡೂ ಕೈ ಹಿಂಗೆ..."

ಆಂಟಿ ಎರಡೂ ಕೈ ಅಗಲಕ್ಕೆ ಚಾಚಿದ್ರು. ಅಂಗೈ ಕೆಳಗೆ ಮಾಡಿ, ನಿಧಾನಕ್ಕೆ, ಅಡ್ಡಡ್ಡ ಬೀಸಿ ತೋರ್ಸಿದ್ರು.

"ಹಿಂಗೆ ಮಾಡಿದ್ರು. ನಂಗೆ ಅವ್ರ ಫ್ಯಾಕ್ಟರಿ ಸಿಗ್ನಲ್ಲು ಒಂದೂ ಗೊತ್ತಿಲ್ಲ. ನಾನೂ ಕೈ ಬೀಸ್ದೆ, ಒಲೆ ಮೇಲೆ ಹಾಲಿತ್ತು, ಆ ಕಡೆ ತಿರುಗ್ದೆ." ಕೈ ಕೆಳಗಿಳಿಸಿ ನನ್ನ ಕಡೆ ತಿರುಗಿದ್ರು. "ನಿಂಗೆ ಎಲ್ಲಾ ಕಲ್ಸಿದ್ರಲ್ಲ ಕಣ್ಣು. ಹಂಗಂದ್ರೆ ಏನು?"

ರಸ್ತೆ ಕಡೆ ನೋಡ್ದೆ. ಬೇವಿನ ಮರ, ಇಳಿಜಾರು, ಬಿಳಿ ಕಾರು. ಗಾಲಿ ಕೆಳಗೆ ಕಪ್ಪು ಕಲ್ಲು ಬಿಸಿಲಿಗೆ ಹೊಳೀತಿತ್ತು.

"ನಂಗೂ ಗೊತ್ತಿಲ್ಲ ಆಂಟಿ" ಅಂದೆ.

ಹೊರಡೋವಾಗ ಎರಡನೇ ಗೇರಿಗೆ ಹಾಕಿ ಕ್ಲಚ್ ಒತ್ತಿ ಕೂತೆ. ಆಂಟಿ ತಾವೇ ಬಗ್ಗಿ ಕಲ್ಲು ತೆಗೆದ್ರು. ಕಾರು ಸದ್ದಿಲ್ಲದೆ ಜಾರ್ತು... ಬೇವಿನ ಮರದ ಹತ್ರ ಕ್ಲಚ್ ಬಿಟ್ಟೆ, ಗುರ್ ಅಂತು. ಕೆಳಗೆ ನಿಲ್ಲಿಸ್ಕೊಂಡು ಕಾದೆ. ಕನ್ನಡಿಯಲ್ಲಿ ಆಂಟಿ ಕಾಣ್ತಿದ್ರು, ಕಲ್ಲನ್ನ ಎದೆಗೆ ಅವುಚಿ ಹಿಡ್ಕೊಂಡು ಇಳಿಜಾರಲ್ಲಿ ಬರ್ತಿದ್ರು. ಬೈತಿರ್ಲಿಲ್ಲ.